ಕಿಡ್ನಿ ತೊಂದರೆ ಇರುವ ಮಗನಿಗೆ ಮತ್ತೆ ಮತ್ತೆ ಕುರು, ಕೀವು ಗುಳ್ಳೆ. ಏನು ಮಾಡಲಿ?

ಹಾಸನದಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡ್ಕೋಬೇಡಿ.

ನನ್ನ ಮಗನಿಗೆ 6 ವರ್ಷ. ಹುಟ್ಟುವಾಗಲೇ ಮೂತ್ರದ ದಾರಿಯಲ್ಲಿ ಪರದೆ ಇತ್ತು, ಪಿಯುವಿ ಅಂತಾರಲ್ಲ, ಅದು. 12ನೇ ದಿನಕ್ಕೆ ಆಪರೇಷನ್ ಮಾಡಿ ಪರದೆ ತೆಗೆದರು. ಅಷ್ಟರಲ್ಲಿ ಎರಡೂ ಕಿಡ್ನಿಗೆ ಏಟು ಬಿದ್ದಾಗಿತ್ತು. ಈಗ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕಶ್ಮಲ) 2.1, ನಾಲ್ಕನೇ ಹಂತದ ಸಿಕೆಡಿ, ಅಂದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಅಂದಿದ್ದಾರೆ. ಡಯಾಲಿಸಿಸ್ ಇನ್ನೂ ಬೇಕಾಗಿಲ್ಲ. ತೂಕ 15 ಕೆಜಿ, ಎತ್ತರ 104 ಸೆಂಟಿಮೀಟರ್. ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸುತ್ತೇವೆ.

ನಾಲ್ಕು ತಿಂಗಳಲ್ಲಿ ಇದು ಮೂರನೇ ಸಲ. ಮೊದಲು ಕುತ್ತಿಗೆ ಹಿಂದೆ ಒಂದು ಕುರು ಎದ್ದಿತು. ಆಮೇಲೆ ಮೂಗಿನ ಕೆಳಗೆ, ಬಾಯಿಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆದು, ಜೇನುತುಪ್ಪ ಒಣಗಿದ ಹಾಗೆ ಹಳದಿ ಹಕ್ಕಳೆ ಕಟ್ಟಿತು. ಈಗ ಬಲಗಾಲಿನ ಮೀನಖಂಡದ ಮೇಲೆ. ಸ್ಕೂಲ್ ಸಾಕ್ಸಿನ ಎಲಾಸ್ಟಿಕ್ ಮುಗಿಯುತ್ತದಲ್ಲ, ಅಲ್ಲಿ ಸೊಳ್ಳೆ ಕಚ್ಚಿತ್ತು. ರಾತ್ರಿಯೆಲ್ಲಾ ಕೆರೆದುಕೊಂಡ. ಬೆಳಿಗ್ಗೆ ನೋಡಿದರೆ ಸಾಸಿವೆ ಕಾಳಿನಷ್ಟು ಗುಳ್ಳೆ, ಮಾರನೇ ದಿನ ಹುಣಸೆ ಬೀಜದಷ್ಟು, ಇವತ್ತು ಸುತ್ತಲೂ ಎರಡು ರೂಪಾಯಿ ನಾಣ್ಯದಷ್ಟು ಅಗಲ ಕೆಂಪಗಾಗಿ ಮುಟ್ಟಿದರೆ ಬಿಸಿ. ಮಧ್ಯದಲ್ಲಿ ಬಿಳಿ ಮುಖ ಕಾಣುತ್ತಿದೆ. ಜ್ವರ 99.4. ಊಟ ಮಾಡುತ್ತಿದ್ದಾನೆ, ಆಟಕ್ಕೂ ಹೋಗುತ್ತಿದ್ದಾನೆ, ಸ್ವಲ್ಪ ಕುಂಟುತ್ತಾನೆ ಅಷ್ಟೇ.

ನನಗೆ ಭಯ ಯಾಕೆ ಅಂದ್ರೆ, ಮೊದಲ ಸಲ ಕುರು ಆದಾಗ ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದೆವು. ಕಿಡ್ನಿ ಪ್ರಾಬ್ಲಂ ಇದೆ ಅಂತ ನಾನು ಹೇಳಿದೆ. "ಮೂರು ದಿನದ ಔಷಧಿಗೆ ಏನೂ ಆಗಲ್ಲಮ್ಮ" ಅಂದರು. ಒಂದು ಆಂಟಿಬಯಾಟಿಕ್, ನೋವಿಗೆ ಜ್ವರಕ್ಕೆ ಅಂತ ಇನ್ನೊಂದು ಸಿರಪ್. ವಾರದ ಮೇಲೆ ಟೆಸ್ಟ್ ಮಾಡಿಸಿದರೆ 1.8 ಇದ್ದ ಕ್ರಿಯಾಟಿನಿನ್ 2.4 ಆಗಿತ್ತು. ಬೆಂಗಳೂರಿನ ಡಾಕ್ಟರು ಸಿರಪ್ ಬಾಟಲಿ ನೋಡಿ, ಇದರಲ್ಲಿ ಮೆಫೆನಮಿಕ್ ಆಸಿಡ್ ಇದೆ, ಇವನಿಗೆ ಇದನ್ನು ಕೊಡಲೇಬಾರದು ಅಂದರು. ಆಮೇಲೆ 2.1ಕ್ಕೆ ಇಳಿಯಿತು, 1.8ಕ್ಕೆ ವಾಪಸ್ ಬರಲೇ ಇಲ್ಲ. ಅಂದಿನಿಂದ ಇಲ್ಲಿ ಯಾರ ಹತ್ತಿರ ಕರೆದುಕೊಂಡು ಹೋಗುವುದಕ್ಕೂ ಕೈಕಾಲು ಆಡುವುದಿಲ್ಲ. ಬೆಂಗಳೂರಿನ ಅಪಾಯಿಂಟ್‌ಮೆಂಟ್ ಇನ್ನೂ 12 ದಿನ ಇದೆ.

ಅತ್ತೆ ಇದು ಉಷ್ಣ ಅನ್ನುತ್ತಾರೆ. ದಿನಕ್ಕೊಂದು ಎಳನೀರು ಕೊಡು, ಬೇವಿನ ಸೊಪ್ಪು ಅರಿಶಿನ ಅರೆದು ಹಚ್ಚು, ತಾನೇ ಒಡೆಯುತ್ತದೆ ಅಂತ. ಅವರ ಕಾಳಜಿ ನನಗೆ ಗೊತ್ತು, ಮೊಮ್ಮಗ ಅಂದರೆ ಜೀವ ಅವರಿಗೆ. ನಿನ್ನೆ ಒಂದು ಎಳನೀರು ಕೊಟ್ಟಿದ್ದಾರೆ ಕೂಡ.

ನನ್ನ ಪ್ರಶ್ನೆ: 12 ದಿನ ಕಾಯಬಹುದಾ? ಮಗಳಿಗೆ 9 ವರ್ಷ, ಅದೇ ಮನೆ, ಅದೇ ಹಾಸಿಗೆ, ಅದೇ ಸೊಳ್ಳೆ, ಅವಳಿಗೆ ಏನೂ ಆಗುವುದಿಲ್ಲ, ಇವನಿಗೆ ಮಾತ್ರ ಯಾಕೆ ಹೀಗೆ? ಏನು ಹಚ್ಚಬಹುದು? ಎಳನೀರು ಕೊಡಬಹುದಾ? ದಯವಿಟ್ಟು ಗೊತ್ತಿರುವವರು ಹೇಳಿ.


ಹುಬ್ಬಳ್ಳಿ ಅಪ್ಪ

ಅಕ್ಕಾ, ಬೇರೆ ಎಲ್ಲಾ ಆಮೇಲೆ. ಮೊದಲು ಒಂದು ಬಾಲ್‌ಪೆನ್ ತೆಗೆದುಕೊಳ್ಳಿ. ಕೆಂಪು ಎಲ್ಲಿಗೆ ಮುಗಿಯುತ್ತದೋ ಆ ಅಂಚಿನ ಮೇಲೇ ಸುತ್ತ ಗೆರೆ ಎಳೆಯಿರಿ. ಪಕ್ಕದಲ್ಲಿ ಟೈಮ್ ಬರೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿ. ಗೆರೆ ದಾಟಿ ಹೊರಗೆ ಕೆಂಪು ಬಂದಿದ್ದರೆ ರಾತ್ರಿ ಹನ್ನೆರಡಾದರೂ ಸರಿ, ಆಸ್ಪತ್ರೆಗೆ ಹೋಗಿ. ನಮಗೆ ಇದನ್ನು ಹೇಳಿಕೊಟ್ಟಿದ್ದು ವಾರ್ಡಿನ ಒಬ್ಬ ಸಿಸ್ಟರ್. ಫೋನಿನಲ್ಲಿ ಡಾಕ್ಟರಿಗೆ "ಜಾಸ್ತಿ ಆಗಿದೆ ಅನಿಸುತ್ತೆ ಸಾರ್" ಅನ್ನುವುದಕ್ಕೂ "ಬೆಳಿಗ್ಗೆ ಎಂಟಕ್ಕೆ ಎಳೆದ ಗೆರೆಗಿಂತ ಒಂದು ಬೆರಳು ಹೊರಗೆ ಬಂದಿದೆ" ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ.

12 ದಿನ ಕಾಯಬೇಡಿ. ಖಂಡಿತ ಬೇಡ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮಕ್ಕಳ ಕಿಡ್ನಿ ವಿಭಾಗದ ನಂಬರ್ ಕೊಟ್ಟಿರುತ್ತಾರಲ್ಲ, ಇವತ್ತೇ ಫೋನ್ ಮಾಡಿ, ಫೋಟೋ ಕಳಿಸಿ. ಬಹಳ ಸಲ ಅವರು ಹತ್ತಿರದ ಮಕ್ಕಳ ಡಾಕ್ಟರಿಗೆ ತೋರಿಸಿ, ಏನು ಬರೆದುಕೊಡುತ್ತಾರೋ ಅದನ್ನು ನಮಗೆ ಕಳಿಸಿ, ಡೋಸ್ ನಾವು ಹೇಳುತ್ತೇವೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಹೀಗೇ ನಡೆಯುತ್ತಿದೆ.

ಎಳನೀರು ನಿಲ್ಲಿಸಿ ಅಕ್ಕಾ. ಪೊಟ್ಯಾಸಿಯಂ. ಒಂದು ಎಳನೀರಿನಲ್ಲಿ 500 ಮಿಲಿಗ್ರಾಂಗಿಂತ ಜಾಸ್ತಿ ಇರುತ್ತದೆ. ಒಳ್ಳೆ ಕಿಡ್ನಿ ಇದ್ದವರಿಗೆ ಅದು ಔಷಧಿಯ ಹಾಗೆ, ನಮ್ಮ ಮಕ್ಕಳಿಗೆ ಅದು ರಕ್ತದಲ್ಲೇ ನಿಂತುಬಿಡುತ್ತದೆ. ಸೋಂಕು, ಜ್ವರ ಇದ್ದಾಗ ಪೊಟ್ಯಾಸಿಯಂ ಇನ್ನೂ ಬೇಗ ಏರುತ್ತದೆ. ನಮ್ಮ ತಾಯಿಗೂ ನಾನು ಹೀಗೇ ಹೇಳಬೇಕಾಯಿತು. "ಎಳನೀರು ಕೆಟ್ಟದ್ದಲ್ಲವ್ವಾ, ಇವಳ ಕಿಡ್ನಿಗೆ ಅದನ್ನು ಹೊರಗೆ ಹಾಕೋ ಶಕ್ತಿ ಇಲ್ಲ" ಅಂತ. ಹಾಗೆ ಹೇಳಿದ ಮೇಲೆ ಅರ್ಥ ಮಾಡಿಕೊಂಡರು.

ನನ್ನ ಮಗಳಿಗೂ 9 ವರ್ಷ, ಮನೆಯಲ್ಲೇ ಪಿಡಿ ಡಯಾಲಿಸಿಸ್ ಆಗುತ್ತದೆ, ಅಂದರೆ ಬ್ಯಾಗಿನ ನೀರನ್ನು ಪೈಪಿನಿಂದ ಹೊಟ್ಟೆಯೊಳಗೆ ಬಿಟ್ಟು ಮತ್ತೆ ಹೊರಗೆ ತೆಗೆಯುವುದು. ಹೊಟ್ಟೆಯಿಂದ ಪೈಪ್ ಹೊರಗೆ ಬರುವ ಜಾಗ ಇದೆಯಲ್ಲ, ಎಕ್ಸಿಟ್ ಸೈಟ್, ನಾವು ದಿನಾ ಕಾಯುವುದು ಅದನ್ನು. ಕಳೆದ ಮಳೆಗಾಲದಲ್ಲಿ ಒಂದು ದಿನ ಡ್ರೆಸ್ಸಿಂಗ್ ಬಿಚ್ಚಿದರೆ ಗಾಜ್ ಮೇಲೆ ಅಕ್ಕಿ ಕಾಳಿನಷ್ಟು ಹಸಿರು ಮಿಶ್ರಿತ ಹಳದಿ ಕಲೆ. ನೋವಿಲ್ಲ, ಜ್ವರ ಇಲ್ಲ. ಒಂದು ದಿನ ನೋಡೋಣ ಅಂತ ಹೆಂಡತಿ ಅಂದಳು, ನನಗೂ ಹಾಗೇ ಅನಿಸಿತ್ತು. ಆದರೂ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು, ಈಗಲೇ ಬನ್ನಿ, ಬ್ಯಾಗಿನ ನೀರು ಮಬ್ಬಾಗಿದೆಯಾ ನೋಡಿ ಅಂತ. ಚರ್ಮದ ಸೋಂಕು ಪೈಪ್ ಹಿಡಿದು ಒಳಗೆ ಹೋದರೆ ಹೊಟ್ಟೆಯ ಪೊರೆಗೆ ಸೋಂಕು, ಆಮೇಲೆ ಪೈಪೇ ತೆಗೆಯಬೇಕಾಗಬಹುದು. ನಮ್ಮ ಪುಣ್ಯ, ಚರ್ಮದಲ್ಲೇ ನಿಂತಿತ್ತು. ಆ ಅಕ್ಕಿ ಕಾಳಿನಷ್ಟು ಕಲೆ ಇವತ್ತಿಗೂ ಕಣ್ಣ ಮುಂದೆ ಇದೆ.


ಹಾಸನದಮ್ಮ

ತುಂಬಾ ಥ್ಯಾಂಕ್ಸ್ ಅಣ್ಣಾ. ಗೆರೆ ಎಳೆದೆ. ಫೋನ್ ಮಾಡುತ್ತಿದ್ದೇನೆ, ಲೈನ್ ಸಿಗುತ್ತಿಲ್ಲ, ಮತ್ತೆ ಮಾಡುತ್ತೇನೆ.


ಶಿವಮೊಗ್ಗ ಮಕ್ಕಳ ವೈದ್ಯ

ಹಾಸನದಮ್ಮ ಅವರೇ, ನಾನು ಮಕ್ಕಳ ವೈದ್ಯ, ಕಿಡ್ನಿ ಸ್ಪೆಷಲಿಸ್ಟ್ ಅಲ್ಲ. ಆದರೆ ಸಿಕೆಡಿ ಇರುವ ಕೆಲವು ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದೇನೆ. ಮಗುವನ್ನು ನೋಡದೆ ಇಲ್ಲಿಂದ ಔಷಧಿ ಬರೆಯಲು ಆಗುವುದಿಲ್ಲ. ನೀವು ವೈದ್ಯರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಅಂತ ಮಾತ್ರ ಹೇಳುತ್ತೇನೆ. ಹುಬ್ಬಳ್ಳಿಯವರು ಹೇಳಿದ್ದು ಪೂರ್ತಿ ಸರಿ, ಕಾಯಬೇಡಿ.

ಕಿಡ್ನಿ ಪ್ರಾಬ್ಲಂ ಇದೆ ಅಂತ ಹೇಳಿದರೆ ಸಾಲದು, ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತದೆ ಅನ್ನುವ ನಂಬರ್, ಅಂದರೆ ಜಿಎಫ್‌ಆರ್ ಹೇಳಿ. ಮಕ್ಕಳಲ್ಲಿ ಜಿಎಫ್‌ಆರ್ ಲೆಕ್ಕ ಸುಲಭ. ಎತ್ತರವನ್ನು ಸೆಂಟಿಮೀಟರಿನಲ್ಲಿ 0.413ರಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸಿ. ನಿಮ್ಮ ಮಗನಿಗೆ 104 ಗುಣಿಸು 0.413, ಸುಮಾರು 43. ಅದನ್ನು 2.1ರಿಂದ ಭಾಗಿಸಿದರೆ 20. "ನನ್ನ ಮಗನ ಜಿಎಫ್‌ಆರ್ 20, ತೂಕ 15 ಕೆಜಿ, ಡೋಸ್ ಅದಕ್ಕೆ ಸರಿಯಾಗಿ ಬರೆಯಿರಿ" ಅಂದರೆ ಎದುರಿಗೆ ಕೂತ ಯಾವ ವೈದ್ಯರೂ ಒಂದು ಸಲ ಪೆನ್ ನಿಲ್ಲಿಸಿ ಯೋಚನೆ ಮಾಡುತ್ತಾರೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಪ್ರತಿ ಟೆಸ್ಟ್ ಆದಾಗಲೂ ತಿದ್ದಿ, ಯಾಕೆಂದರೆ ಎತ್ತರವೂ ಬದಲಾಗುತ್ತದೆ, ಕ್ರಿಯಾಟಿನಿನ್ನೂ ಬದಲಾಗುತ್ತದೆ.

ಕುರುವಿಗೆ ಸಾಮಾನ್ಯವಾಗಿ ಕಾರಣ ಸ್ಟೆಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಹಳದಿ ಹಕ್ಕಳೆ ಕಟ್ಟುವ ಗುಳ್ಳೆಗೆ ಅದೂ ಇರಬಹುದು, ಸ್ಟ್ರೆಪ್ಟೋಕಾಕಸ್ ಕೂಡ ಇರಬಹುದು. ಇವಕ್ಕೆ ಕೊಡುವ ಆಂಟಿಬಯಾಟಿಕ್‌ಗಳಲ್ಲಿ ಕೆಲವು ಕಿಡ್ನಿಯಿಂದ ಹೊರಗೆ ಹೋಗುತ್ತವೆ, ಸೆಫಾಲೆಕ್ಸಿನ್, ಅಮಾಕ್ಸಿಸಿಲಿನ್ ಕ್ಲಾವ್ಯುಲನೇಟ್ ಇಂಥವು. ಇವನ್ನು ಕೊಡಬಹುದು, ಆದರೆ ಡೋಸ್ ಕಡಿಮೆ ಮಾಡಬೇಕು ಅಥವಾ ಎರಡು ಡೋಸ್ ನಡುವಿನ ಅಂತರ ಹೆಚ್ಚಿಸಬೇಕು. ಕ್ಲಿಂಡಾಮೈಸಿನ್ ಹೆಚ್ಚಾಗಿ ಲಿವರ್ ಮೂಲಕ ಹೋಗುತ್ತದೆ, ಡೋಸ್ ಬದಲಾಯಿಸುವ ಅಗತ್ಯ ಬೀಳುವುದಿಲ್ಲ. ಕೋ-ಟ್ರೈಮಾಕ್ಸಜೋಲ್ ಪೊಟ್ಯಾಸಿಯಂ ಏರಿಸುತ್ತದೆ, ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್ ಕಿಡ್ನಿಗೇ ಪೆಟ್ಟು. ಅವನ್ನು ಬೇರೆ ದಾರಿಯೇ ಇಲ್ಲದಾಗ, ಕಿಡ್ನಿ ಡಾಕ್ಟರ್ ಜೊತೆ ಮಾತಾಡಿಯೇ ಕೊಡುವುದು. ಜ್ವರಕ್ಕೆ, ನೋವಿಗೆ ಪ್ಯಾರಾಸಿಟಮಾಲ್ ಒಂದೇ, ಕೆಜಿಗೆ 10ರಿಂದ 15 ಮಿಲಿಗ್ರಾಂ, 6 ಗಂಟೆಗೊಮ್ಮೆಗಿಂತ ಬೇಗ ಬೇಡ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್, ಡೈಕ್ಲೊಫೆನಾಕ್, ನಿಮೆಸುಲೈಡ್ ಯಾವುದೂ ಬೇಡ. ಮೆಡಿಕಲ್ ಶಾಪಿನ ಜ್ವರದ ಸಿರಪ್‌ಗಳಲ್ಲಿ ಬಹಳಷ್ಟು ಎರಡು ಔಷಧಿ ಸೇರಿಸಿದವು. ಮುಂದಿನ ಲೇಬಲ್ಲಿನಲ್ಲಿ ದೊಡ್ಡದಾಗಿ ಬರೆದಿರುವುದು ಬ್ರ್ಯಾಂಡ್ ಹೆಸರು, ಒಳಗೆ ಏನಿದೆ ಅನ್ನುವುದನ್ನು ಸಣ್ಣ ಅಕ್ಷರದಲ್ಲಿ ಓದಬೇಕು.

ಇನ್ನೊಂದು ಮುಖ್ಯ ವಿಷಯ. ಬಿಳಿ ಮುಖ ಬಂದಿದೆ ಅಂದರೆ ಒಳಗೆ ಕೀವು ಸೇರಿದೆ. ಕೀವು ಇದ್ದರೆ ಮಾತ್ರೆಗಿಂತ ಮುಖ್ಯ ಕೀವು ತೆಗೆಯುವುದು. ಆಸ್ಪತ್ರೆಯಲ್ಲಿ ಮರಗಟ್ಟಿಸಿ ಸಣ್ಣದಾಗಿ ಕೊಯ್ದು ತೆಗೆಯುತ್ತಾರೆ. ಮನೆಯಲ್ಲಿ ಹಿಂಡಬೇಡಿ, ಹಿಂಡಿದರೆ ಅರ್ಧ ಹೊರಗೆ, ಅರ್ಧ ಒಳಗೆ. ಮೂಗು, ಮೇಲ್ತುಟಿ ಸುತ್ತ ಆದರಂತೂ ಬೆರಳೇ ಹಾಕಬೇಡಿ. ಆ ಕೀವನ್ನು ಕಲ್ಚರ್‌ಗೆ ಕಳಿಸಿ ಅಂತ ನೀವೇ ಕೇಳಿ. ಮೂರನೇ ಸಲ ಅಲ್ವಾ, ಈಗಲಾದರೂ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಗೊತ್ತಾಗಲೇಬೇಕು.

ಇವನಿಗೆ ಮಾತ್ರ ಯಾಕೆ ಅಂತ ಕೇಳಿದಿರಿ. ಕಿಡ್ನಿ ಸೋಸದೆ ಉಳಿದ ಕಶ್ಮಲ ರಕ್ತದಲ್ಲೇ ಇದ್ದಾಗ ಬಿಳಿ ರಕ್ತಕಣಗಳ ಕೆಲಸ ನಿಧಾನ ಆಗುತ್ತದೆ. ಎಣಿಸಿದರೆ ಲೆಕ್ಕ ಸರಿ ಇರುತ್ತದೆ, ಬ್ಯಾಕ್ಟೀರಿಯಾ ಕಂಡ ಕಡೆ ಓಡಿಹೋಗಿ ನುಂಗುವ ಚುರುಕು ಇರುವುದಿಲ್ಲ. ಅದಕ್ಕೇ ಜ್ವರವೂ ಜೋರಾಗಿ ಬರದೆ ಇರಬಹುದು. 99.4 ಅಂತ ಸಮಾಧಾನ ಪಡಬೇಡಿ. ಎರಡನೆಯದು, ಈ ಮಕ್ಕಳ ಚರ್ಮ ಒಣಗಿರುತ್ತದೆ. ಬೆವರು ಗ್ರಂಥಿ, ಎಣ್ಣೆ ಗ್ರಂಥಿ ಎರಡೂ ಸೊರಗಿರುತ್ತವೆ. ಒಣಗಿದ ಚರ್ಮ ಕೆರೆಯುತ್ತದೆ, ಕೆರೆದರೆ ಗೀರು, ಗೀರಿನಲ್ಲಿ ಬ್ಯಾಕ್ಟೀರಿಯಾ. ಮಗಳಿಗೂ ಅದೇ ಸೊಳ್ಳೆ ಕಚ್ಚುತ್ತದೆ, ಆದರೆ ಅವಳ ಚರ್ಮದ ಬಾಗಿಲು ಮುಚ್ಚಿದೆ, ಒಳಗೆ ಕಾವಲೂ ಇದೆ.

ಪಿಯುವಿ ಮಕ್ಕಳಲ್ಲಿ ಮೂತ್ರ ಜಾಸ್ತಿ ಹೋಗುತ್ತದೆ, ಕಿಡ್ನಿಗೆ ನೀರು ಹಿಡಿದಿಡಲು ಬರುವುದಿಲ್ಲ. ಜ್ವರದಲ್ಲಿ ನೀರು ಕುಡಿಯದೆ ಮಲಗಿದರೆ ಒಂದೇ ದಿನದಲ್ಲಿ ಒಣಗಿ ಕ್ರಿಯಾಟಿನಿನ್ ಏರುತ್ತದೆ. ಕಿಡ್ನಿ ಡಾಕ್ಟರ್ ಎಷ್ಟು ನೀರು ಹೇಳಿದ್ದಾರೋ ಅಷ್ಟು ಕುಡಿಸುತ್ತಲೇ ಇರಿ. ಎನಾಲಾಪ್ರಿಲ್ ಅಥವಾ ರಾಮಿಪ್ರಿಲ್ ಅನ್ನುವ ಬಿಪಿ ಔಷಧಿ ಕೊಡುತ್ತಿದ್ದರೆ, ವಾಂತಿ ಭೇದಿ ಜ್ವರದ ದಿನ ನಿಲ್ಲಿಸಬೇಕಾ ಅಂತ ಅವರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ.

ತಡ ಮಾಡದೆ ಓಡಬೇಕಾದ್ದು ಯಾವಾಗ ಅಂದ್ರೆ, ಗೆರೆ ದಾಟಿದಾಗ, 100.4 ದಾಟಿದಾಗ, ಚಳಿ ಬಂದು ನಡುಗಿದಾಗ, ಮಂಕಾಗಿ ಮಲಗೇ ಇದ್ದಾಗ, ಮೂತ್ರ ಕಡಿಮೆ ಆದಾಗ, ಕಣ್ಣಿನ ಸುತ್ತ ಕೆಂಪಾದಾಗ, ನೋಡಲು ಗಾಯ ಸಣ್ಣದಿದ್ದು ನೋವು ವಿಪರೀತ ಇದ್ದಾಗ. ಇನ್ನೊಂದು ಅಪರೂಪದ್ದು, ಆದರೆ ಹೇಳಲೇಬೇಕು. ಕೆಲವು ಸ್ಟೆಫಿಲೋಕಾಕಸ್ ಒಂದು ವಿಷ ಬಿಡುತ್ತದೆ, ಅದು ಚರ್ಮದ ಮೇಲ್ಪದರವನ್ನೇ ಸಡಿಲ ಮಾಡುತ್ತದೆ. ಆ ವಿಷ ಹೊರಗೆ ಹೋಗಬೇಕಾದ್ದು ಕಿಡ್ನಿಯಿಂದ. ಕಿಡ್ನಿ ಇನ್ನೂ ಬಲಿತಿರದ ಚಿಕ್ಕ ಮಕ್ಕಳಲ್ಲಿ, ಕಿಡ್ನಿ ಸೋತವರಲ್ಲಿ ಅದು ಉಳಿದುಬಿಡುತ್ತದೆ. ಮೈ ಕೆಂಪಾಗಿ, ಮುಟ್ಟಿದರೆ ಅಳುವಷ್ಟು ನೋವಾಗಿ, ಕಂಕುಳು ತೊಡೆಸಂದಿಯಲ್ಲಿ ಬಿಸಿನೀರು ಬಿದ್ದ ಹಾಗೆ ಚರ್ಮ ಸುಲಿಯಲು ಶುರುವಾದರೆ ಅದು ತುರ್ತು.

ಬೇವು, ಅರಿಶಿನ ಒಡೆದ ಗಾಯದ ಮೇಲೆ ಬೇಡ. ಅರೆಯುವ ಕಲ್ಲು, ಬಾವಿ ನೀರು, ಕೈ, ಯಾವುದೂ ಕ್ರಿಮಿ ಇಲ್ಲದ್ದಲ್ಲ. ರಕ್ತ ಶುದ್ಧಿ ಅಂತ ಯಾರಾದರೂ ಭಸ್ಮ ಕೊಟ್ಟರೆ ಅದಂತೂ ಬೇಡವೇ ಬೇಡ. ಕೆಲವದರಲ್ಲಿ ಸೀಸ, ಪಾದರಸ ಇರುತ್ತದೆ, ಉಳಿದ 20 ಜಿಎಫ್‌ಆರ್ ಕೂಡ ಹೋಗುತ್ತದೆ. ಕಜ್ಜಿಗೆ, ಹುಳುಕಡ್ಡಿಗೆ ಅಂತ ಅಂಗಡಿಯಲ್ಲಿ ಸಿಗುವ ಮೂರು ಔಷಧಿ ಸೇರಿಸಿದ ಟ್ಯೂಬ್‌ಗಳಲ್ಲಿ ಜೋರಾದ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡು ದಿನ ಕೆಂಪು ಇಳಿದು ವಾಸಿ ಆದ ಹಾಗೆ ಕಾಣುತ್ತದೆ, ಒಳಗೆ ಸೋಂಕು ಹರಡುತ್ತಿರುತ್ತದೆ. 2018ರಿಂದ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಇದೆ, ಆದರೂ ಕೇಳಿದರೆ ಕೊಡುತ್ತಾರೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಕೊನೆಗೆ ಒಂದು ಪ್ರಶ್ನೆ. ರಾತ್ರಿ ಮಾತ್ರ ಕೆರೆತ ಜಾಸ್ತಿನಾ? ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ ಸಣ್ಣ ಗುಳ್ಳೆ ಇದೆಯಾ? ಮನೆಯಲ್ಲಿ ಬೇರೆ ಯಾರಿಗಾದರೂ ಕೆರೆತ ಇದೆಯಾ? ಇದ್ದರೆ ಅದು ಕಜ್ಜಿ ಹುಳು ಇರಬಹುದು. ಅದಕ್ಕೆ ಮನೆಯವರೆಲ್ಲಾ ಒಂದೇ ರಾತ್ರಿ ಪರ್ಮೆಥ್ರಿನ್ ಹಚ್ಚಿಕೊಂಡು, ವಾರದ ಮೇಲೆ ಇನ್ನೊಂದು ಸಲ ಹಚ್ಚದೆ ಈ ಕುರು ನಿಲ್ಲುವುದಿಲ್ಲ. ವೈದ್ಯರಿಗೆ ಇದನ್ನೂ ಹೇಳಿ.


ಹಾಸನದಮ್ಮ

ಡಾಕ್ಟರೇ, ಎಷ್ಟು ಸಮಾಧಾನವಾಗಿ ಬರೆದಿದ್ದೀರಿ. ಬೆರಳ ಸಂದಿಯಲ್ಲಿ ಏನೂ ಇಲ್ಲ, ಮನೆಯಲ್ಲಿ ಯಾರಿಗೂ ಕೆರೆತ ಇಲ್ಲ. ಬೆಂಗಳೂರಿಗೆ ಫೋನ್ ಸಿಕ್ಕಿತು. ಇವತ್ತೇ ಇಲ್ಲಿಯ ದೊಡ್ಡಾಸ್ಪತ್ರೆಗೆ ಹೋಗಿ, ಅಲ್ಲಿಯ ಮಕ್ಕಳ ವೈದ್ಯರಿಂದ ನಮಗೆ ಫೋನ್ ಮಾಡಿಸಿ ಅಂದರು. ಗೆರೆ ಸ್ವಲ್ಪ ದಾಟಿದೆ. ಹೊರಡುತ್ತಿದ್ದೇವೆ.


ಡಯಾಲಿಸಿಸ್ ಸಿಸ್ಟರ್

ಹೋಗಿ ಬನ್ನಿ ಅಮ್ಮಾ. ಹೊರಡುವ ಮುಂಚೆ ಇದು ಕಣ್ಣಿಗೆ ಬಿದ್ದರೆ ಒಳ್ಳೆಯದು: ಡ್ರಿಪ್ ಹಾಕಬೇಕು ಅಂದರೆ ಕೈಯ ಹಿಂಭಾಗದಲ್ಲಿ, ಮುಷ್ಟಿಯ ಮೇಲೆ ಹಾಕಿ ಅಂತ ಕೇಳಿಕೊಳ್ಳಿ. ಮೊಣಕೈ ಮಡಿಕೆ, ಮುಂಗೈ ನರ ಬೇಡ. ಮಗ ಬಲಗೈಯಲ್ಲಿ ಬರೆಯುವವನಾದರೆ ಎಡಗೈ ನರಗಳನ್ನು ಮುಟ್ಟಲೇಬೇಡಿ ಅನ್ನಿ. ಮುಂದೆ ಎಂದಾದರೂ ಡಯಾಲಿಸಿಸ್‌ಗೆ ಫಿಸ್ಟುಲಾ, ಅಂದರೆ ಕೈಯ ರಕ್ತನಾಳಗಳನ್ನು ಜೋಡಿಸುವ ಆಪರೇಷನ್ ಮಾಡಬೇಕಾದರೆ ಅದೇ ನರ ಬೇಕು. ಚಿಕ್ಕಂದಿನಲ್ಲಿ ಚುಚ್ಚಿ ಚುಚ್ಚಿ ನರವೆಲ್ಲಾ ಹಾಳಾದ ಮಕ್ಕಳು ಹದಿನೈದು ಹದಿನಾರು ವರ್ಷಕ್ಕೆ ನಮ್ಮ ಯೂನಿಟ್ಟಿಗೆ ಬರುತ್ತಾರೆ, ಎಲ್ಲಿ ಫಿಸ್ಟುಲಾ ಮಾಡುವುದು ಅಂತ ಹುಡುಕಬೇಕಾಗುತ್ತದೆ.

ಉಳಿದದ್ದು ಬಂದ ಮೇಲೆ ಓದಿ. ನಾನು ಹೇಳುವುದು ಚರ್ಮದ ಆರೈಕೆ ಬಗ್ಗೆ ಮಾತ್ರ, ಯಾಕೆಂದರೆ ಕುರು ವಾಸಿ ಆದ ಮೇಲೆ ಎಲ್ಲರೂ ಇದನ್ನು ಮರೆಯುತ್ತಾರೆ.

ಸ್ನಾನ ಬೆಚ್ಚಗಿನ ನೀರಿನಲ್ಲಿ, ಹತ್ತು ನಿಮಿಷದೊಳಗೆ. ನಮ್ಮ ಕಡೆ ಹಂಡೆ ನೀರು ಹೊಗೆಯಾಡುತ್ತಿದ್ದರೇನೇ ಸ್ನಾನ ಅನ್ನುತ್ತಾರೆ, ಈ ಮಕ್ಕಳಿಗೆ ಅದು ಆಗುವುದಿಲ್ಲ. ಬಿಸಿನೀರು ಇರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಸೀಗೆಪುಡಿ, ಕಡಲೆಹಿಟ್ಟು ಹಾಕಿ ಉಜ್ಜಬೇಡಿ. ವಾಸನೆ ಕಡಿಮೆ ಇರುವ ಮೆತ್ತನೆ ಸೋಪು ಸಾಕು. ಟವೆಲ್ಲಿನಲ್ಲಿ ಉಜ್ಜದೆ ಒತ್ತಿ ಒತ್ತಿ ಒರೆಸಿ, ಮೈ ಇನ್ನೂ ಪಸೆ ಇದ್ದಾಗಲೇ ವ್ಯಾಸಲೀನ್ ಥರದ್ದು ಹಚ್ಚಿ. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ, ಒಡೆಯದ ಚರ್ಮದ ಮೇಲೆ. ಒಣಗಿದ ಮೇಲೆ ಹಚ್ಚಿದರೆ ಅರ್ಧ ಪ್ರಯೋಜನ. ಮಲಗುವಾಗ ಇನ್ನೊಂದು ಸಲ.

ಉಗುರು ವಾರಕ್ಕೆರಡು ಸಲ ಕತ್ತರಿಸಿ. ಸೊಳ್ಳೆಪರದೆ ಕಟ್ಟಿ. ಅವನ ಟವೆಲ್, ದಿಂಬಿನ ಕವರ್ ಬೇರೆಯೇ ಇರಲಿ. ಒಳಚಡ್ಡಿ, ಸಾಕ್ಸ್ ದಿನಾ ಬದಲಾಯಿಸಿ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಇಸ್ತ್ರಿ ಹಾಕಿ. ಡೆಟಾಲ್ ನೀರು ಬೆರೆಸದೆ ಗಾಯಕ್ಕೆ ಹಾಕಬೇಡಿ, ಸುಡುತ್ತದೆ.

ಪದೇ ಪದೇ ಆಗುವವರಲ್ಲಿ ಈ ಬ್ಯಾಕ್ಟೀರಿಯಾ ಮೂಗಿನ ಹೊಳ್ಳೆಯಲ್ಲಿ ಮನೆ ಮಾಡಿಕೊಂಡಿರುತ್ತದೆ. ಬರೀ ಮಗುವಿನ ಮೂಗಿನಲ್ಲಿ ಅಲ್ಲ, ಅಪ್ಪ ಅಮ್ಮ ಅಕ್ಕ ಯಾರ ಮೂಗಿನಲ್ಲಾದರೂ ಇರಬಹುದು, ಅವರಿಗೆ ಏನೂ ತೊಂದರೆ ಇರುವುದಿಲ್ಲ. ಮೂಗಿನ ಸ್ವ್ಯಾಬ್ ತೆಗೆದು ನೋಡಿ, ಬೇಕಾದರೆ ಐದು ದಿನ ದಿನಕ್ಕೆರಡು ಸಲ ಮ್ಯುಪಿರೋಸಿನ್ ಅನ್ನುವ ಆಂಟಿಬಯಾಟಿಕ್ ಮುಲಾಮು ಮೂಗಿನೊಳಗೆ ಹಚ್ಚಲು ಹೇಳುತ್ತಾರೆ. ಕೇಳಿ ನೋಡಿ.

ಅದೇ ಮ್ಯುಪಿರೋಸಿನ್ ಮುಲಾಮನ್ನು ದೊಡ್ಡ ತೆರೆದ ಗಾಯದ ಮೇಲೆ ಸುಮ್ನೆ ಬಳಿಯಬೇಡಿ. ಕೆಲವು ಮುಲಾಮುಗಳಲ್ಲಿ ಔಷಧಿಯನ್ನು ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಪದಾರ್ಥದಲ್ಲಿ ಕಲಸಿರುತ್ತಾರೆ, ತೆರೆದ ಗಾಯದಿಂದ ಒಳಗೆ ಇಳಿದರೆ ಅದನ್ನು ಹೊರಗೆ ಹಾಕಬೇಕಾದ್ದೂ ಕಿಡ್ನಿಯೇ. ಸಣ್ಣ ಜಾಗಕ್ಕೆ ತೊಂದರೆ ಇಲ್ಲ. ಹುಬ್ಬಳ್ಳಿಯವರೇ, ನಿಮ್ಮ ಮಗಳ ಪೈಪ್ ಪಾಲಿಯುರೆಥೇನ್‌ದಾ ಸಿಲಿಕೋನ್‌ದಾ ಅಂತ ಯೂನಿಟ್ಟಿನಲ್ಲಿ ಒಮ್ಮೆ ಕೇಳಿಕೊಳ್ಳಿ. ಪಾಲಿಯುರೆಥೇನ್ ಪೈಪನ್ನು ಆ ಪದಾರ್ಥ ಮೆತ್ತಗೆ ಮಾಡುತ್ತದೆ.


ರಾಯಚೂರಿನವ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮಗಳಿಗೆ 4 ವರ್ಷ, ನೆಫ್ರೋಟಿಕ್ ಸಿಂಡ್ರೋಮ್ (ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದುವ ಕಿಡ್ನಿ ಕಾಯಿಲೆ), ಕ್ರಿಯಾಟಿನಿನ್ ನಾರ್ಮಲ್ ಇದೆ. ಈಗ ಮತ್ತೆ ಊತ ಬಂದಿದೆ, ಪ್ರೆಡ್ನಿಸಲೋನ್ ಸ್ಟೀರಾಯ್ಡ್ ನಡೆಯುತ್ತಿದೆ. ಬೆಳಿಗ್ಗೆಯಿಂದ ತೊಡೆ ಒಂದು ಕಡೆ ಕೆಂಪಾಗಿ ಬಿಸಿಯಾಗಿದೆ. ಕುರು ಇಲ್ಲ, ಗಾಯ ಇಲ್ಲ. ಊತದಿಂದ ಹೀಗೆ ಆಗುತ್ತದಾ?


ಶಿವಮೊಗ್ಗ ಮಕ್ಕಳ ವೈದ್ಯ

ರಾಯಚೂರಿನವರೇ, ಈಗಲೇ ಆಸ್ಪತ್ರೆಗೆ ಹೊರಡಿ. ಓದುತ್ತಾ ಕೂರಬೇಡಿ. ಊತ ಇರುವ ನೆಫ್ರೋಟಿಕ್ ಮಗುವಿನಲ್ಲಿ ಚರ್ಮ ಒಂದು ಕಡೆ ಕೆಂಪಾಗಿ ಬಿಸಿಯಾದರೆ ಸೆಲ್ಯುಲೈಟಿಸ್, ಅಂದರೆ ಚರ್ಮದ ಒಳಪದರಕ್ಕೆ ಹರಡಿದ ಸೋಂಕು ಅಂತಲೇ ನೋಡಬೇಕು, ಬಹಳ ಸಲ ಇಂಜೆಕ್ಷನ್ ಆಂಟಿಬಯಾಟಿಕ್ ಬೇಕಾಗುತ್ತದೆ. ಮೂತ್ರದಲ್ಲಿ ಪ್ರೋಟೀನ್ ಹೋಗುವಾಗ ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನೂ ಹೋಗುತ್ತದೆ, ಮೇಲೆ ಸ್ಟೀರಾಯ್ಡ್ ಬೇರೆ. ಹೊಟ್ಟೆನೋವು ಇದ್ದರೆ ಅದನ್ನೂ ತಪ್ಪದೆ ಹೇಳಿ, ಹೊಟ್ಟೆಯ ನೀರಿಗೂ ಸೋಂಕು ಆಗಿರಬಹುದು. ಪ್ರೆಡ್ನಿಸಲೋನ್ ನೀವಾಗಿ ನಿಲ್ಲಿಸಬೇಡಿ, ಥಟ್ಟನೆ ನಿಲ್ಲಿಸಿದರೆ ಬಿಪಿ ಬೀಳಬಹುದು.


ರಾಯಚೂರಿನವ

ಹೊರಟಿದ್ದೇವೆ ಸಾರ್.


ಪುತ್ತೂರು ಅಕ್ಕ

ಕಸಿ ಆದ ಮಕ್ಕಳ ಅಪ್ಪ ಅಮ್ಮ ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಇದೊಂದು ಮಾತು. ನನ್ನ ಮಗನಿಗೆ ನನ್ನದೇ ಕಿಡ್ನಿ ಹಾಕಿ ಮೂರು ವರ್ಷ ಆಯಿತು, ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದ ಹಾಗೆ ಟ್ಯಾಕ್ರೋಲಿಮಸ್ ಅನ್ನುವ ಔಷಧಿ ತೆಗೆದುಕೊಳ್ಳುತ್ತಾನೆ. ಕಾಲ್ಬೆರಳಿನ ಉಗುರು ಸುತ್ತಿಗೆ ಒಬ್ಬರು ಕ್ಲಾರಿಥ್ರೋಮೈಸಿನ್ ಬರೆದರು. ಔಷಧಿ ಅಂಗಡಿಯಲ್ಲಿ ನಿಂತುಕೊಂಡೇ ಕಸಿ ಕೋಆರ್ಡಿನೇಟರ್‌ಗೆ ಫೋನ್ ಮಾಡಿದೆ. ಬೇಡ, ಅದು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಿಬಿಡುತ್ತದೆ, ಕಿಡ್ನಿಗೆ ವಿಷ ಆಗುತ್ತದೆ ಅಂದರು. ಎರಿಥ್ರೋಮೈಸಿನ್ ಕೂಡ ಹಾಗೇ. ರಿಫಾಂಪಿಸಿನ್ ಉಲ್ಟಾ, ಮಟ್ಟ ಇಳಿಸುತ್ತದೆ, ಕಿಡ್ನಿ ತಿರಸ್ಕಾರ ಆಗಬಹುದು. ಬರೀ ಉಗುರು ಸುತ್ತು ಅಂತ ನಾನು ಸುಮ್ನೆ ಕೊಟ್ಟುಬಿಡುತ್ತಿದ್ದೆ. ಅವತ್ತು ಯಾಕೆ ಫೋನ್ ಮಾಡಬೇಕು ಅನಿಸಿತೋ ಗೊತ್ತಿಲ್ಲ, ದೇವರ ದಯೆ.

ಹಾಸನದಮ್ಮ, ನಿಮ್ಮ ಮಗನಿಗೂ ಮುಂದೆ ಕಸಿ ಆಗಬೇಕಲ್ವಾ, ಚಿಕನ್‌ಪಾಕ್ಸ್ ಲಸಿಕೆ ಹಾಕಿಸಿದ್ದೀರಾ ಅಂತ ಒಮ್ಮೆ ನೋಡಿ. ಅದು ಜೀವಂತ ಲಸಿಕೆ, ಕಸಿ ಆದ ಮೇಲೆ ಸಾಮಾನ್ಯವಾಗಿ ಹಾಕುವುದಿಲ್ಲ. ಚಿಕನ್‌ಪಾಕ್ಸ್ ಗುಳ್ಳೆ ಕೆರೆದರೆ ಅದರೊಳಗೂ ಇದೇ ಬ್ಯಾಕ್ಟೀರಿಯಾ ಸೇರುತ್ತದೆ. ನಮಗೆ ಇದನ್ನು ಕಸಿಗೆ ಮುಂಚೆಯೇ ಮುಗಿಸಿದ್ದರು.


ಹಾಸನದಮ್ಮ

ಮೂರು ದಿನ ಆಯಿತು, ಈಗ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಆ ಚೀಟಿ ಕೊಟ್ಟೆ. ಜಿಎಫ್‌ಆರ್ 20, ತೂಕ 15, ಬೇಡವಾದ ಔಷಧಿ ಹೆಸರು, ಎಲ್ಲಾ ಬರೆದಿದ್ದೆ. ಡ್ಯೂಟಿ ಡಾಕ್ಟರ್ ಹುಡುಗಿ ಚಿಕ್ಕವಳು, ಓದಿ, "ಇದನ್ನು ನೀವೇ ಬರೆದಿರಾ?" ಅಂತ ಕೇಳಿ, ಅಲ್ಲೇ ನನ್ನ ಫೋನಿನಿಂದಲೇ ಬೆಂಗಳೂರಿಗೆ ಮಾತಾಡಿದಳು. ಕೊಯ್ದು ಕೀವು ತೆಗೆದರು. ಅಷ್ಟು ಸಣ್ಣ ಕಾಲಿನಿಂದ ಒಂದು ಟೀ ಚಮಚಕ್ಕಿಂತ ಜಾಸ್ತಿ ಕೀವು. ಒಳಗೆ ಗಾಜ್ ಬತ್ತಿ ಇಟ್ಟರು, ಮಾರನೇ ದಿನ ತೆಗೆದರು. ಕಲ್ಚರ್‌ನಲ್ಲಿ ಸ್ಟೆಫಿಲೋಕಾಕಸ್ ಬಂದಿದೆ, ಸೆಫಾಲೆಕ್ಸಿನ್‌ಗೆ ಬಗ್ಗುತ್ತದೆ ಅಂದರು. ಡೋಸ್ ಕಡಿಮೆ ಮಾಡಿ ದಿನಕ್ಕೆ ಎರಡೇ ಸಲ. ಡ್ರಿಪ್ ಬೇಕಾಗಲಿಲ್ಲ, ರಕ್ತ ತೆಗೆಯುವಾಗ ಮಾತ್ರ ಬಲಗೈ ಹಿಂಭಾಗದಲ್ಲಿ ತೆಗೆಯಿರಿ ಅಂದೆ, ತೆಗೆದರು. ಪೊಟ್ಯಾಸಿಯಂ 5.6 ಬಂದಿತ್ತು. ಎಳನೀರಿನ ವಿಷಯ ಹೇಳಿದೆ. ಎರಡು ದಿನ ಪುಡಿ ಕೊಟ್ಟು ಇಳಿಸಿದ್ದಾರೆ, ಈಗ 4.9.

ಪೆನ್ನಿನ ಗೆರೆ ಇನ್ನೂ ಮಾಸಿಲ್ಲ. ಕೆಂಪು ಅದರೊಳಗೆ ಕುಗ್ಗಿ ಕುಗ್ಗಿ ಈಗ ಕಡಲೆ ಕಾಳಿನಷ್ಟಿದೆ. ಮಗ ದಿನಾ ಬೆಳಿಗ್ಗೆ ಎದ್ದು ತಾನೇ ನೋಡಿಕೊಂಡು "ಅಮ್ಮಾ, ಗೆರೆ ಗೆದ್ದಿದೆ" ಅನ್ನುತ್ತಾನೆ. ಸ್ಕೂಲಿಗೆ ಸೋಮವಾರದಿಂದ ಕಳಿಸಿ, ಗಾಯ ಮುಚ್ಚಿರಲಿ ಅಂದಿದ್ದಾರೆ. ಮೂಗಿನ ಸ್ವ್ಯಾಬ್ ನಮ್ಮ ನಾಲ್ವರದ್ದೂ ತೆಗೆದುಕೊಂಡರು, ರಿಪೋರ್ಟ್ ಬಂದಿಲ್ಲ. ಚಿಕನ್‌ಪಾಕ್ಸ್ ಲಸಿಕೆ ಹಾಕಿಸಿಲ್ಲ ಅಂತ ಕಾರ್ಡ್ ನೋಡಿದ ಮೇಲೆ ಗೊತ್ತಾಯಿತು, 12 ದಿನದ ಅಪಾಯಿಂಟ್‌ಮೆಂಟಿನಲ್ಲಿ ಕೇಳುತ್ತೇನೆ.

ಅತ್ತೆಗೆ ಹುಬ್ಬಳ್ಳಿ ಅಣ್ಣ ಹೇಳಿದ ಮಾತನ್ನೇ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹಂಡೆಯ ಬಿಸಿನೀರಿಗೆ ತಾವೇ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ ಅವನಿಗೆ ಸ್ನಾನ ಮಾಡಿಸಿದರು. ಕಾಲಿಗೆ ನೀರು ತಾಗದ ಹಾಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದೂ ಅವರೇ.

ರಾಯಚೂರಿನ ಅಣ್ಣಾ, ನಿಮ್ಮ ಮಗಳು ಹೇಗಿದ್ದಾಳೆ?


ರಾಯಚೂರಿನವ

ಸೆಲ್ಯುಲೈಟಿಸ್ಸೇ ಅಕ್ಕಾ. ಅಡ್ಮಿಟ್ ಆಗಿದ್ದೇವೆ, ಇಂಜೆಕ್ಷನ್ ನಡೆಯುತ್ತಿದೆ. ಇವತ್ತು ಜ್ವರ ಬಿಟ್ಟಿದೆ, ಇಡ್ಲಿ ಕೇಳಿ ತಿಂದಳು. ಅವಳ ತೊಡೆ ಮೇಲೂ ಗೆರೆ ಎಳೆದಿದ್ದೇನೆ.